ಸಂಪತ್ತಿನ ತೆರಿಗೆ: ದಿಲ್ಲಿಯದೋ, ಬೆಂಗಳೂರಿನದೋ?

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ತೆರಿಗೆಯ ಮಾತ್ಯಾಕೆ ಅನ್ನಬಹುದು. 1925ರಲ್ಲಿ ಪ್ರಾಂತೀಯ ಹಣಕಾಸಿನ ಬಗ್ಗೆ ಪುಸ್ತಕ ಪ್ರಕಟಿಸಿದ ಅಂಬೇಡ್ಕರರನ್ನು ನಾವು ಓದೋದು ಕಡಿಮೆ, ಅಷ್ಟೆ.

ಸಂವಿಧಾನದ ಏಳನೆಯ ಅನುಸೂಚಿ ಆಸ್ತಿ ಮೌಲ್ಯದ ಮೇಲಿನ ತೆರಿಗೆಯನ್ನು ಕೇಂದ್ರಕ್ಕೆ ಕೊಟ್ಟು, ಕೃಷಿಭೂಮಿಯನ್ನು ಅದರಿಂದ ಹೊರಗಿಟ್ಟಿತು. ಭೂಮಿಯ ಮಾತು ರಾಜ್ಯದ್ದು. ಆದರೆ ವಿಧಾನಸಭೆಯಲ್ಲಿ ದೊಡ್ಡ ದನಿ ಯಾರದು? ಭೂಮಿಯುಳ್ಳ ಜಾತಿಗಳದು. ತಮ್ಮ ಹೊಲದ ಮೇಲೆ ತಾವೇ ತೆರಿಗೆ ಹಾಕ್ಕೋತಾರಾ? 1969ರಲ್ಲಿ ಕೇಂದ್ರವೇ ಕೃಷಿಭೂಮಿಯನ್ನೂ ಸಂಪತ್ತಿನ ತೆರಿಗೆಗೆ ಸೇರಿಸಿತು. 1971ರ ಧಿಲ್ಲೋನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಮುಂದೆ ಆ ಭೂಮಿಗೆ ಮತ್ತೆ ವಿನಾಯಿತಿ ಸಿಕ್ಕಿತು ಅನ್ನಿ.

ಹಾಗಂತ ದಿಲ್ಲಿಯನ್ನು ನಂಬೋಣವೆ? 1957ರ ಕಾಯ್ದೆಯ ಈ ತೆರಿಗೆಯನ್ನು 2015ರ ಬಜೆಟ್ಟಿನಲ್ಲಿ ದಿಲ್ಲಿಯೇ ಕೈಬಿಟ್ಟಿತು. 2013-14ರಲ್ಲಿ ಬಂದದ್ದು ಬರೀ 1,008 ಕೋಟಿ, ವಸೂಲಿ ಖರ್ಚೇ ಜಾಸ್ತಿ ಎಂಬ ನೆಪ. 1993ರಿಂದ ಷೇರುಗಳನ್ನೇ ಹೊರಗಿಟ್ಟ ಮೇಲೆ ಇನ್ನೇನು ಬಂದೀತು! ಬದಲಿಗೆ ಕೋಟಿ ಮೀರಿದ ವರಮಾನಕ್ಕೆ ಶೇ. 2ರ ಹೆಚ್ಚುವರಿ ಸರ್‌ಚಾರ್ಜ್ ಬಂತು. ಗುಟ್ಟು ಇಲ್ಲಿದೆ. ತೆರಿಗೆಯಾದರೆ 2000ದ 80ನೇ ತಿದ್ದುಪಡಿಯಂತೆ ರಾಜ್ಯಗಳಿಗೆ ಪಾಲುಂಟು. ಸರ್‌ಚಾರ್ಜಿನಲ್ಲಿ ಬಿಡಿಗಾಸೂ ಇಲ್ಲ. ಕರ್ನಾಟಕದ 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಜನಸಂಖ್ಯೆಗೆ ತಕ್ಕಷ್ಟು ಹಣವನ್ನು ನಮಗಾಗಿ ಎತ್ತಿಡಬೇಕೆನ್ನುತ್ತದೆ. ಬೊಕ್ಕಸಕ್ಕೇ ಬಾರದ ದುಡ್ಡಿನಲ್ಲಿ ಏನನ್ನು ಎತ್ತಿಡೋದು?

ಷೇರು, ಬಂಗಾರ ರಾತ್ರೋರಾತ್ರಿ ಗಡಿ ದಾಟುತ್ತವೆ; ಅವುಗಳ ವಸೂಲಿ ಕೇಂದ್ರದ್ದೇ ಇರಲಿ ಅಂತೀನಿ ನಾನು. ಆದರೆ ಸರ್‌ಚಾರ್ಜಾಗಿ ಅಲ್ಲ, ಹಂಚಿಕೆಗೆ ಬರೋ ತೆರಿಗೆಯಾಗಿ. ಹೊಲವಂತೂ ಎಲ್ಲಿಗೂ ಓಡಿಹೋಗೋದಿಲ್ಲ. ಅದರ ಲೆಕ್ಕ ಬೆಂಗಳೂರಿನಲ್ಲೇ ಕೇಳಬೇಕು.