ಇಲ್ಲದ ದ್ವೀಪವನ್ನು ಸುತ್ತಿದ ಗಡಿ

ಮೂವತ್ತು ವರ್ಷ ಸರ್ವೆ ಕೆಲಸದಲ್ಲಿ ಸರಪಳಿ ಹಿಡಿದವನು ನಾನು. ಹದ್ದುಬಸ್ತಿಗೆ ಹೋದರೆ ಮೊದಲು ಅಕ್ಕಪಕ್ಕದ ಜಮೀನಿನವರನ್ನು ಕರೆಸಬೇಕು, ಬಾಂದು ಕಲ್ಲು ಹುಡುಕಬೇಕು, ಗೆರೆಯೇನಿದ್ದರೂ ಆಮೇಲೆ. ಅದಕ್ಕೇ ಜಾನ್ ಮಿಚೆಲ್‌ನ 1755ರ ಉತ್ತರ ಅಮೆರಿಕದ ನಕ್ಷೆ ನನ್ನನ್ನು ಬಿಡದೆ ಕಾಡುತ್ತದೆ. ಮಗಳು ಕಂಪ್ಯೂಟರಿನಲ್ಲಿ ತೋರಿಸಿದ ದಿನದಿಂದ ಅದನ್ನು ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದೇನೆ.

ಆ ನೆಲಕ್ಕಾಗಿ ಬ್ರಿಟನ್, ಫ್ರಾನ್ಸ್ ಕಾಗದದ ಮೇಲೂ ಕಾದಾಡಿದವು. 1718ರಲ್ಲಿ ಫ್ರಾನ್ಸಿನ ಗಿಯೋಮ್ ದ್ಲೀಲ್ ಬರೆದ ನಕ್ಷೆಯಲ್ಲಿ ಬ್ರಿಟಿಷ್ ವಸಾಹತುಗಳು ಅಪಲೇಷಿಯನ್ ಬೆಟ್ಟಸಾಲಿಗೂ ಕಡಲಿಗೂ ನಡುವಿನ ಒಂದು ಪಟ್ಟಿಯಷ್ಟೇ. ಮಿಚೆಲ್‌ನದು ಅದಕ್ಕೆ ಎದುರುತ್ತರ. ಅವನು ವರ್ಜೀನಿಯಾದಲ್ಲಿ ಹುಟ್ಟಿದ ವೈದ್ಯ, ಗಿಡಮೂಲಿಕೆಗಳನ್ನು ಬಲ್ಲವನು. ಲಂಡನ್ನಿನಲ್ಲಿ ಕೂತು, ಸರ್ಕಾರದ ಕಡತಗಳನ್ನೂ ಹಳೆಯ ನಕ್ಷೆಗಳನ್ನೂ ಹೊಂದಿಸಿ, ಎಂಟು ಹಾಳೆಗಳ, ಸುಮಾರು 6.5 ಅಡಿ ಅಗಲದ ನಕ್ಷೆ ಕಟ್ಟಿದ. ಅದರಲ್ಲಿ ವರ್ಜೀನಿಯಾ, ಕೆರೊಲಿನಾಗಳ ಬಣ್ಣ ಬೆಟ್ಟ ಹತ್ತಿಳಿದು ಮಿಸಿಸಿಪ್ಪಿಯನ್ನೂ ದಾಟುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಇರೊಕ್ವಾ ಜನ ಗೆದ್ದ ನೆಲವೆಲ್ಲ ಬ್ರಿಟನ್ನಿನದೇ ಎಂಬ ವಾದವೂ ಅದರೊಳಗಿದೆ. ಆ ಜನರನ್ನು ಕರೆಸಿ ಕೇಳಿದವರಿಲ್ಲ.

ಫ್ರಾನ್ಸ್ ಸೋತು ಹೋಯಿತು, ವಸಾಹತುಗಳು ಬ್ರಿಟನ್ನಿನ ಮೇಲೇ ತಿರುಗಿಬಿದ್ದು ಗೆದ್ದವು. ಪ್ಯಾರಿಸ್‌ನಲ್ಲಿ ಸಂಧಿಗೆ ಕೂತವರು ಹಾಸಿಕೊಂಡದ್ದು ಇದೇ ನಕ್ಷೆಯನ್ನು. 1783ರ ಒಪ್ಪಂದದಲ್ಲಿ, ಗಡಿ ಸುಪೀರಿಯರ್ ಸರೋವರದ ರಾಯಲ್ ಮತ್ತು ಫೆಲಿಪೋ ದ್ವೀಪಗಳ ಉತ್ತರಕ್ಕೆ ಸಾಗುತ್ತದೆಂದು ಬರೆದರು. ಫೆಲಿಪೋ ಎಂಬ ದ್ವೀಪವೇ ಇಲ್ಲ! 1744ರ ತನ್ನ ನಕ್ಷೆಯಲ್ಲಿ ಅದನ್ನು ಕಾಣಿಸಿದವನು ಫ್ರಾನ್ಸಿನ ಬೆಲ್ಲಿನ್. ಹೆಸರು ಅಲ್ಲಿನ ನೌಕಾ ಮಂತ್ರಿಯ ಮನೆತನದ್ದು. ಎದುರಾಳಿಯ ಆ ತಪ್ಪನ್ನು ಮಿಚೆಲ್ ಹಾಗೇ ಇಳಿಸಿಕೊಂಡಿದ್ದ.

ವಾಯುವ್ಯ ಮೂಲೆಯನ್ನು ನಾನು ಹೆಚ್ಚು ಹೊತ್ತು ನೋಡುತ್ತೇನೆ. ಅಲ್ಲಿ ಹಡ್ಸನ್ ಕೊಲ್ಲಿಯ ಪುಟ್ಟ ನಕ್ಷೆಯೊಂದನ್ನು ಚೌಕಟ್ಟು ಹಾಕಿ ಕೂರಿಸಿದ್ದಾನೆ. ಮಿಸಿಸಿಪ್ಪಿ ಹುಟ್ಟುವ ಜಾಗ ಅದರಡಿ ಮುಚ್ಚಿಹೋಗಿದೆ. ನದಿ ಇನ್ನೂ ಉತ್ತರದಿಂದ ಬರುತ್ತದೆಂದು ನಂಬಿ, ಲೇಕ್ ಆಫ್ ದ ವುಡ್ಸ್ ಸರೋವರದ ವಾಯುವ್ಯ ತುದಿಯಿಂದ ನೇರ ಪಶ್ಚಿಮಕ್ಕೆ ಮಿಸಿಸಿಪ್ಪಿಯವರೆಗೆ ಗಡಿ ಎಂದು ಬರೆದರು. ನದಿ ಹುಟ್ಟುವುದೇ ಆ ತುದಿಗಿಂತ ದಕ್ಷಿಣದಲ್ಲಿ. ಎಷ್ಟು ಎಳೆದರೂ ಆ ಗೆರೆ ನದಿಯನ್ನು ಮುಟ್ಟದು. 1818ರಲ್ಲಿ ಆ ತುದಿಯಿಂದ 49ನೇ ಅಕ್ಷಾಂಶದವರೆಗೆ ದಕ್ಷಿಣಕ್ಕೊಂದು ಗೆರೆ ಇಳಿಸಿ ತೇಪೆ ಹಾಕಿದರು.

ಆ ತೇಪೆಯಲ್ಲಿ ಸಿಕ್ಕಿಬಿದ್ದ ತುಂಡು ನೆಲ ಅಮೆರಿಕದ ಮಿನೆಸೋಟಾ ರಾಜ್ಯದ್ದು. ನಾರ್ತ್‌ವೆಸ್ಟ್ ಆಂಗಲ್ ಎನ್ನುತ್ತಾರೆ. ರಸ್ತೆ ಹಿಡಿದು ಹೋಗುವವರು ಕೆನಡಾವನ್ನು ಹಾದೇ ಅಲ್ಲಿಗೆ ಸೇರಬೇಕು. ಅಲ್ಲಿನ ನೆಲದ ಬಹುಪಾಲು ಇವತ್ತಿಗೂ ರೆಡ್ ಲೇಕ್ ಓಜಿಬ್ವೆ ಎಂಬ ಮೂಲನಿವಾಸಿ ಸಮುದಾಯದ್ದು. 1783ರ ಒಪ್ಪಂದದಲ್ಲಿ ಮೂಲನಿವಾಸಿಗಳ ಬಗ್ಗೆ ಒಂದು ಮಾತೂ ಇಲ್ಲ.