ರಾವಣ ಹುಟ್ಟಿನಿಂದಲೇ ದುಷ್ಟನೇ?

ಕ್ರಿ.ಶ. 1100ರ ಸುಮಾರಿನ ನಾಗಚಂದ್ರ ಕವಿಯ ‘ರಾಮಚಂದ್ರಚರಿತಪುರಾಣ’ದಲ್ಲಿ (ಪಂಪ ರಾಮಾಯಣ) ರಾವಣ ದೈತ್ಯನಲ್ಲ, ವಿದ್ಯಾಧರ ಮನುಷ್ಯ. ರಾಕ್ಷಸ ಎಂಬುದು ವಂಶದ ಹೆಸರು, ಅಷ್ಟೇ. ವಿಭೀಷಣನೂ ಅದೇ ವಂಶದವನಲ್ಲವೇ?

ಜಿನಭಕ್ತನಾದ ರಾವಣ, ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂದು ವ್ರತ ತೊಟ್ಟಿದ್ದ. ತಾನಾಗಿ ಒಲಿದು ಬಂದ ನಳಕೂಬರನ ಮಡದಿಗೂ ಬುದ್ಧಿ ಹೇಳಿ ಪತಿಯ ಬಳಿಗೆ ಕಳುಹಿಸಿದ. ಅಂಥವನೇ ಸೀತೆಯನ್ನು ಕಂಡು ಮನಸೋತು ಅಪಹರಿಸಿದ. ಅಪರಾಧ ದೊಡ್ಡದೇ, ಆದರೆ ವ್ರತವನ್ನು ಮಾತ್ರ ಮುರಿಯಲಿಲ್ಲ.

ಕೊನೆಗೆ ಸೀತೆಯ ದುಃಖ ನೋಡಿ ಪಶ್ಚಾತ್ತಾಪಪಟ್ಟು, ರಾಮನಿಗೆ ಒಪ್ಪಿಸಿಬಿಡಬೇಕೆಂದುಕೊಂಡ. ಎಡವಿದ್ದು ಇಲ್ಲಿ. ಈಗಲೇ ಕೊಟ್ಟರೆ ಹೆದರಿದನೆಂದು ಜನ ನಕ್ಕಾರು, ಯುದ್ಧ ಗೆದ್ದು ಕೊಡೋಣ ಎಂದು ಮುಂದೂಡಿದ. ಕೈಯಲ್ಲಿದ್ದ ಅವಕಾಶವನ್ನು ಮಾನಕಷಾಯ ತಿಂದುಹಾಕಿತು. ಆ ಯುದ್ಧದಲ್ಲೇ ಲಕ್ಷ್ಮಣನಿಂದ ಮಡಿದು ನರಕಕ್ಕೆ ಹೋದ. ಮುಂದೊಂದು ಭವದಲ್ಲಿ ಅದೇ ಜೀವ ತೀರ್ಥಂಕರನಾಗುವುದೆಂದು ಜೈನ ಪುರಾಣಗಳು ಹೇಳುತ್ತವೆ.