ಎಲುಬಿನೊಳಗಿನ ಮುಪ್ಪು

ಬೆಂಗಳೂರು ತವರಾಗುವ ಮೊದಲು ಕನ್ನಡ ಸಿನಿಮಾ ಬೆಳೆದದ್ದು ಮದ್ರಾಸಿನ ಕೋಡಂಬಾಕ್ಕಂ, ವಡಪಳನಿ ಸುತ್ತಿನ ಸ್ಟುಡಿಯೊಗಳಲ್ಲಿ. ನಾಲ್ಕು ಭಾಷೆಗಳ ಚಿತ್ರಗಳು ಅಲ್ಲಿ ತಯಾರಾಗುತ್ತಿದ್ದವು. ವರ್ಷಗಳುರುಳಿದಂತೆ ಹಲವು ಸ್ಟುಡಿಯೊಗಳ ಬಾಗಿಲು ಮುಚ್ಚಿತು. ವಾಹಿನಿ ಸ್ಟುಡಿಯೊ ಇದ್ದ ಜಾಗದಲ್ಲಿ ಈಗ ಆಸ್ಪತ್ರೆ, ಮಾಲ್ ಇವೆ. ಸಿನಿಮಾ ನಿಲ್ಲಲಿಲ್ಲ, ತಯಾರಾಗುವ ತಾಣಗಳು ಕಡಿಮೆಯಾದವು. ವಯಸ್ಸಾದಂತೆ ನಮ್ಮ ಎಲುಬಿನೊಳಗೂ ಹೀಗೆಯೇ ಆಗುತ್ತದೆ.

ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಸತ್ತವುಗಳ ಜಾಗ ತುಂಬಲು ಅಸ್ಥಿಮಜ್ಜೆ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಹೊಸ ಕಣ ಹುಟ್ಟಿಸಬೇಕು. ಕೆಂಪು ಕಣ, ಬಿಳಿ ಕಣ, ಕಿರುತಟ್ಟೆ ಎಲ್ಲಕ್ಕೂ ಮೂಲ ಅಲ್ಲಿನ ಆಕರಕೋಶ. ಹರೆಯದಲ್ಲಿ ಇಂಥ ಕೋಶಗಳು ಹತ್ತಾರು ಸಾವಿರ ಸೇರಿ ಈ ದುಡಿಮೆಯನ್ನು ಹಂಚಿಕೊಳ್ಳುತ್ತವೆ.

ಪ್ರತಿ ಆಕರಕೋಶದ ಡಿಎನ್‌ಎಯಲ್ಲಿ ವರ್ಷಕ್ಕೆ ಸುಮಾರು 17 ಅಕ್ಷರದೋಷಗಳು ಸೇರುತ್ತವೆ. ಬಹುಪಾಲು ನಿರುಪದ್ರವಿ. ಎಲ್ಲೋ ಒಂದು ದೋಷ ಕೋಶಕ್ಕೆ ಬೇಗ ಮರಿಹಾಕುವ ಬಲ ಕೊಡುತ್ತದೆ. ಅದರ ಸಂತತಿ ನಿಧಾನವಾಗಿ ಮಜ್ಜೆಯನ್ನು ಆವರಿಸುತ್ತದೆ. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, 75 ದಾಟಿದವರ ರಕ್ತದ ಶೇ 30ರಿಂದ 60ರಷ್ಟು ಕೇವಲ 12ರಿಂದ 18 ಕೋಶಗಳ ಸಂತತಿಯದಾಗಿತ್ತು. 115 ವರ್ಷ ಬದುಕಿದ ಡಚ್ ಮಹಿಳೆಯೊಬ್ಬರಲ್ಲಿ ಬಿಳಿ ಕಣಗಳ ಸುಮಾರು ಮೂರನೇ ಎರಡು ಪಾಲು ಎರಡೇ ಆಕರಕೋಶಗಳಿಂದ ಬಂದಿದ್ದವು.

ಮುದಿ ಆಕರಕೋಶಗಳ ಒಲವೂ ಬದಲಾಗುತ್ತದೆ. ಹೊಸ ಸೋಂಕನ್ನು ಗುರುತಿಸುವ ಲಿಂಫೋಸೈಟುಗಳು ಕಡಿಮೆ ಹುಟ್ಟಿ, ಉರಿಯೂತ ಹೆಚ್ಚಿಸುವ ಕಣಗಳ ಪಾಲು ಏರುತ್ತದೆ. ಅಜ್ಜ ಅಜ್ಜಿಯರಿಗೆ ಲಸಿಕೆ ಎಳೆಯರಷ್ಟು ಚೆನ್ನಾಗಿ ಹತ್ತದಿರಲು ಇದೂ ಒಂದು ಕಾರಣ. ದೋಷಯುತ ಸಂತತಿ ಹೆಚ್ಚಿದವರಲ್ಲಿ ರಕ್ತದ ಕ್ಯಾನ್ಸರಿನ ಜತೆಗೆ ಹೃದ್ರೋಗದ ಅಪಾಯವೂ ಹೆಚ್ಚು. ಆದರೂ ಹೆದರಬೇಕಿಲ್ಲ: ಇಂಥವರಲ್ಲಿ ಬಹುತೇಕರಿಗೆ ಕ್ಯಾನ್ಸರ್ ಬರುವುದೇ ಇಲ್ಲ. ಧೂಮಪಾನ ಬಿಡುವುದು, ಬಿಪಿ, ಕೊಲೆಸ್ಟರಾಲ್ ಹತೋಟಿಯಲ್ಲಿಡುವುದು ನಮ್ಮ ಕೈಯಲ್ಲೇ ಇದೆ.

ಅಸ್ಥಿಮಜ್ಜೆ ಕಸಿಗೆ ವೈದ್ಯರು ಸಾಧ್ಯವಾದಷ್ಟು ಎಳೆಯ ದಾನಿಯನ್ನು ಹುಡುಕಲು ಆಕರಕೋಶಗಳ ಈ ಮುಪ್ಪೂ ಒಂದು ಕಾರಣ. ಚೆನ್ನೈಯಲ್ಲಿ 2009ರಲ್ಲಿ ಶುರುವಾದ ‘ದಾತ್ರಿ’ಯಂಥ ನೋಂದಣಿ ಸಂಸ್ಥೆಗಳಿಗೆ ಹೆಸರು ಕೊಡಲು ಕೆನ್ನೆಯ ಒಳಭಾಗವನ್ನು ಹತ್ತಿಯಿಂದ ಸವರಿದರೆ ಸಾಕು. ಹೊಂದಾಣಿಕೆಯಾದರೆ ಬಹುತೇಕ ಸಲ ತೋಳಿನ ರಕ್ತನಾಳದಿಂದಲೇ ಕೋಶಗಳನ್ನು ಪಡೆಯುತ್ತಾರೆ. ಓದುತ್ತಿರುವ ನೀವು ಇಪ್ಪತ್ತರ ಹರೆಯದವರಾದರೆ, ಇಂದೇ ಹೆಸರು ನೋಂದಾಯಿಸಿ.